ಜೇವರ್ಗಿಯಿಂದ ಬಂದ ಮೂರು ನಿಮಿಷ

ನಮ್ಮ ಮನೆಗೆ ಫೈಬರ್ ಇಂಟರ್ನೆಟ್ ಬಂದು ಆರು ತಿಂಗಳಾದರೂ ಮಾತು ತಡವಾಗಿ ತಲುಪುವುದು ತಪ್ಪಿರಲಿಲ್ಲ. ನನ್ನ ಅಕ್ಕನ ಮಗಳು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಇವಳು ಒಂದು ಪ್ರಶ್ನೆ ಕೇಳಿ ಕಾಯುತ್ತಾಳೆ. ಉತ್ತರ ಬರದಿದ್ದಾಗ ಮತ್ತೆ ಕೇಳುತ್ತಾಳೆ. ಅಷ್ಟರಲ್ಲಿ ಆ ಕಡೆಯ ಉತ್ತರವೂ ಬಂದು ಎರಡೂ ಮಾತು ಡಿಕ್ಕಿ ಹೊಡೆಯುತ್ತವೆ. ಆಮೇಲೆ ಇಬ್ಬರೂ "ಹಾಂ, ನೀವು ಹೇಳ್ರಿ" ಅಂತ ಒಟ್ಟಿಗೇ ಅಂದು ಮತ್ತೆ ಸುಮ್ಮನಾಗುತ್ತಾರೆ. ಒಂದು ಲೆಕ್ಕ ಬಿಡಿಸುವಷ್ಟರಲ್ಲಿ ಅವಳ ತಲೆ ಕೆಟ್ಟಿರುತ್ತದೆ.

ಕೊನೆಗೆ ರಿಪೇರಿಯವನನ್ನು ಕರೆಸಿದಳು. ಅವನು ನನ್ನನ್ನು ಏನೂ ತಿಳಿಯದ ಮುದುಕಿ ಅಂದುಕೊಂಡು ನಿಧಾನವಾಗಿ ಬಿಡಿಸಿ ಹೇಳಿದ. "ಸ್ಪೀಡ್ ಭರಪೂರ ಅದರಿ ಅಮ್ಮಾ. ಒಮ್ಮೆಗೆ ಎಷ್ಟು ಹಿಡಸ್ತದ ಅನ್ನೂದು ಬ್ಯಾರೆ, ಒಂದು ಮಾತು ಹೋಗಿ ಬರಾಕ ಎಷ್ಟು ಹೊತ್ತು ಹಿಡೀತದ ಅನ್ನೂದು ಬ್ಯಾರೆ. ನಿಮ್ಮದು ಎರಡನೇದು ಬಿಗಡಾಯಿಸ್ಯದ." ನನಗೇ ಹೇಳುತ್ತಾನೆ! ಆ ಎರಡನೆಯದನ್ನು ಕಡಿಮೆ ಮಾಡುವುದೇ ಒಂದು ಕಾಲಕ್ಕೆ ನನ್ನ ನೌಕರಿಯಾಗಿತ್ತು, ಹುಚ್ಚೂ ಆಗಿತ್ತು. ಅದರಲ್ಲಿ ನನ್ನ ಸರಿಸಮ ಯಾರೂ ಇಲ್ಲ ಎಂಬ ಸೊಕ್ಕೂ ಇತ್ತು. ಆ ಸೊಕ್ಕು ಮುರಿದ ದಿನದ ಬಗ್ಗೆ ಇಲ್ಲಿಯವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಆಳಂದದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಎಕ್ಸ್‌ಚೇಂಜ್ ಅಂದರೆ ಒಂದು ಕೋಣೆ, ಗೋಡೆಗೆ ಆನಿಸಿದ ಒಂದು ಬೋರ್ಡು, ಅದರ ತುಂಬ ತೂತುಗಳು. ಊರಿನ ಒಂದೊಂದು ಫೋನಿಗೆ ಒಂದೊಂದು ತೂತು. ಯಾರು ಯಾರ ಜೊತೆ ಮಾತಾಡಬೇಕೋ ಅವರಿಬ್ಬರ ತೂತುಗಳಿಗೆ ಒಂದು ವಾಯರಿನ ಎರಡು ತುದಿಗಳನ್ನು ಸಿಕ್ಕಿಸುವುದು ನನ್ನ ಕೆಲಸ. ಪರವೂರಿಗಾದರೆ ಟ್ರಂಕ್ ಕಾಲ್ ಬರೆಸಿ ಕಾಯಬೇಕು. ಆಳಂದದಿಂದ ಜೇವರ್ಗಿಗೋ ಅಫಜಲಪುರಕ್ಕೋ ಮಾತಾಡಬೇಕಾದರೂ ಮಾತು ಮೊದಲು ಕಲಬುರ್ಗಿಯ ಬೋರ್ಡಿಗೆ ಹೋಗಿ ಅಲ್ಲಿಂದ ತಿರುಗಬೇಕು. ಬೆಳಿಗ್ಗೆ ಬರೆಸಿದವರು ಮಧ್ಯಾಹ್ನದ ತನಕ ಬಾಕಿನ ಮೇಲೆ ಕೂತು, ಕಟ್ಟಿಕೊಂಡು ಬಂದ ರೊಟ್ಟಿಯನ್ನು ಅಲ್ಲೇ ಬಿಚ್ಚುತ್ತಿದ್ದರು.

ಆ ಕಾಯುವಿಕೆ ಕಂಡರೆ ನನಗೆ ಮೈ ಉರಿಯುತ್ತಿತ್ತು. ಕಲಬುರ್ಗಿ ಬೋರ್ಡಿನಲ್ಲಿ ನನಗಿಂತ ಹಿರಿಯಳಾದ ಒಬ್ಬ ಆಪರೇಟರ್ ಇದ್ದಳು. ಮುಸ್ಲಿಮರ ಹೆಣ್ಣುಮಗಳು. ಅವಳ ಮುಖ ನಾನು ಒಮ್ಮೆಯೂ ನೋಡಿರಲಿಲ್ಲ, ಧ್ವನಿಯಷ್ಟೇ ಗೊತ್ತು. ಅವಳನ್ನು ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದೆ, ಅವಳು ನನ್ನನ್ನು ಬೇಟಿ ಅನ್ನುತ್ತಿದ್ದಳು. ಇಬ್ಬರೂ ಸೇರಿ ಒಂದು ಗುಟ್ಟಿನ ಏರ್ಪಾಡು ಮಾಡಿಕೊಂಡೆವು. ಜೇವರ್ಗಿ ಲೈನ್ ಬಿಡುವಾದ ಕೂಡಲೆ ಅವಳು ಎರಡು ಸಲ ಚಿಕ್ಕದಾಗಿ ರಿಂಗ್ ಕೊಡಬೇಕು. ಅಷ್ಟರಲ್ಲಿ ನಾನು ನಮ್ಮ ಗಿರಾಕಿಯನ್ನು ಕ್ಯಾಬಿನ್ನಿನಲ್ಲಿ ಕೂಡಿಸಿ, ರಿಸೀವರ್ ಕಿವಿಗೆ ಹಚ್ಚಿಸಿ ಸಜ್ಜು ಮಾಡಿಟ್ಟಿರಬೇಕು. "ಹಲೋ ಯಾರು, ಎಲ್ಲಿಂದ" ಎಂಬ ಪುರಾಣವೇ ಬೇಡ. ಅರ್ಧ ದಿನದ ಕೆಲಸ ಕೆಲವು ಸಲ ಹತ್ತೇ ನಿಮಿಷಕ್ಕೆ ಇಳಿಯಿತು. ಕಾಳುಕಡಿ ದಲ್ಲಾಳಿ ಮಾಡುವ ಅಡತಿ ವ್ಯಾಪಾರಿಗಳು ನನ್ನನ್ನು ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ.

ಆದರೆ ವಾಯರಿನ ತಡ ಹೋದರೂ ಮಂದಿಯ ತಡ ಹೋಗಲಿಲ್ಲ. ಒಂದು ಕಾಲಿಗೆ ಮೂರು ನಿಮಿಷ. ನಮ್ಮವರು ಎರಡೂವರೆ ನಿಮಿಷ ಕ್ಷೇಮ ಸಮಾಚಾರದಲ್ಲೇ ಕಳೆಯುತ್ತಿದ್ದರು. "ಶರಣ್ರಿ, ಆರಾಮ ಅದೀರಿ? ಮಕ್ಕಳು ಆರಾಮ? ಮಳಿ ಹ್ಯಾಂಗದ? ಎಮ್ಮಿ ಈದೈತೇನು?" ಇದೆಲ್ಲ ಮುಗಿದ ಮೇಲೆ ನಿಜವಾದ ಸುದ್ದಿ. ಅದೂ ಕೆಟ್ಟ ಸುದ್ದಿಯಾದರೆ ನೇರವಾಗಿ ಹೇಳುವಂತಿಲ್ಲ. ಮನೆಯಲ್ಲಿ ಹೆಣ ಇಟ್ಟುಕೊಂಡು ಕೂತಿದ್ದರೂ ಫೋನಿನಲ್ಲಿ ಹೇಳುವುದು ಒಂದೇ ಮಾತು: "ಜರಾ ಆರಾಮಿಲ್ರಿ. ಗಾಬರಿ ಆಗೂದೇನಿಲ್ಲ. ಒಮ್ಮೆ ಬಂದು ಹೋಗ್ರಿ."

ಕೇಳುವವರ ಎದೆ ಒಡೆಯಬಾರದು, ದಾರಿಯಲ್ಲಿ ಅವರಿಗೇನೂ ಆಗಬಾರದು ಎಂದು ನಮ್ಮ ಕಡೆ ಹಿರಿಯರು ಹಾಗೆ ರೂಢಿ ಮಾಡಿದ್ದರು. ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಕೂತ ನನಗೆ ಅದರ ಅರ್ಥ ಚೆನ್ನಾಗಿ ತಿಳಿದಿತ್ತು. "ಗಾಬರಿ ಆಗೂದೇನಿಲ್ಲ" ಎಂದು ಕೇಳಿಸಿತೆಂದರೆ, ಕ್ಯಾಬಿನ್ನಿನಿಂದ ಹೊರಗೆ ಬಂದವರಿಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ನಾನೇ ಹೇಳಿಬಿಡುತ್ತಿದ್ದೆ. ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ "ಮೊದಲು ಸುದ್ದಿ ಹೇಳಿ, ಕ್ಷೇಮ ಆಮೇಲೆ ಕೇಳಿ" ಎಂದು ಬರೆದು ಕ್ಯಾಬಿನ್ನಿನೊಳಗೆ ತೂಗು ಹಾಕಿದ್ದೆ. ಓದಿದವರು ನಕ್ಕರೇ ಹೊರತು ಒಬ್ಬರೂ ಪಾಲಿಸಲಿಲ್ಲ.

ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕನನ್ನು ಜೇವರ್ಗಿ ತಾಲೂಕಿನ ಕೊಳಕೂರಿಗೆ ಕೊಟ್ಟಿದ್ದರು. ನಮ್ಮ ಅವ್ವ ಮೊದಲೇ ತೀರಿಹೋಗಿದ್ದಳು. ನನಗೆ ಎಣ್ಣೆ ಹಚ್ಚಿ ಎರೆದವಳು, ಹೆರಳು ಹಾಕಿ ಶಾಲೆಗೆ ಕಳಿಸಿದವಳು ಅಕ್ಕನೇ. ಅಪ್ಪ ನಮ್ಮೂರು ಸರಸಂಬಾದಲ್ಲಿ ಹೊಲಮನೆ ನೋಡಿಕೊಂಡಿದ್ದ. ನಾನು ನೌಕರಿಗಾಗಿ ಆಳಂದದಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಅಕ್ಕನಿಗೆ ದಿನ ತುಂಬುತ್ತಿದ್ದವು. ಚೊಚ್ಚಲ ಹೆರಿಗೆ ತವರಿನವರದು. ಕರೆತರಲು ಅಪ್ಪ ದಿನ ಗೊತ್ತು ಮಾಡಿದ್ದ. ಅದಕ್ಕೆ ಹತ್ತು ದಿನ ಮೊದಲೇ ಅವಳಿಗೆ ನೋವು ಶುರುವಾಯಿತು.

ಆ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಕಲಬುರ್ಗಿಯಿಂದ ಎರಡು ಚಿಕ್ಕ ರಿಂಗು ಬಂದವು. "ಬೇಟಿ, ಜೇವರ್ಗಿ ಮ್ಯಾಲಿಂದ ನಿನಗೇ ಅದ" ಅಂದಳು ಆಪಾ. ಅಕ್ಕನ ಗಂಡ ಮಾತಾಡುತ್ತಿದ್ದ. ಲೈನು ಅಷ್ಟು ಚೊಕ್ಕವಾಗಿದ್ದುದನ್ನು ನಾನು ಆವರೆಗೆ ಕೇಳಿರಲಿಲ್ಲ. ಗರಗರ ಇಲ್ಲ, ತಡ ಇಲ್ಲ. ಅವನ ಉಸಿರು ಕೂಡ ಕೇಳಿಸುತ್ತಿತ್ತು. ನನಗೆ ಮೊದಲು ಆದದ್ದು ಹೆಮ್ಮೆ.

"ಶರಣವ್ವಾ ತಂಗಿ. ಆರಾಮ ಅದೀ? ಮಾವನವರು ಆರಾಮ ಅದಾರ?"

"ಆರಾಮ ಅದೀವ್ರಿ ಮಾಮಾ. ಅಕ್ಕ ಹ್ಯಾಂಗದಾಳ?"

"ಅದಾಳ. ಅತ್ತಿಯವರು ಹ್ಯಾಂಗದಾರ? ಆ ಕಡಿ ಮಳಿ ಆತೇನು?"

ನಾನೂ ಮಳೆಯ ಬಗ್ಗೆ ಹೇಳಿದೆ. ಗೋಡೆಗೆ ರಟ್ಟು ತೂಗು ಹಾಕಿದವಳು ನಾನೇ, ಮಳೆಯ ಬಗ್ಗೆ ಹೇಳಿದವಳೂ ನಾನೇ.

"ಮಾವನವರಿಗೆ ಒಂದು ಮಾತು ಕೇಳೂದಿತ್ತು. ಅವರನ್ನ ಫೋನಿಗೆ ಕರಸ್ತೀ?"

"ಅಪ್ಪ ಊರಾಗದಾನ್ರಿ. ಏನದ ನನಗ ಹೇಳ್ರಿ."

"ಅದು ಹಿರಿಯರ ಮಾತು ತಂಗಿ. ನಿನಗ ಹ್ಯಾಂಗ ಹೇಳಲಿ? ಅವಳಿಗೆ ಜರಾ ಆರಾಮಿಲ್ಲ. ಗಾಬರಿ ಆಗೂದೇನಿಲ್ಲ. ನಾ ಇಲ್ಲೇ ಜೇವರ್ಗ್ಯಾಗ ಕುಂದರ್ತೇನಿ, ಮಾವನವರು ಬಂದು ಒಂದು ಫೋನ್ ಮಾಡ್ಲಿ."

ಮದುವೆಯಾಗದ ನಾದಿನಿಯ ಮುಂದೆ ಹೆರಿಗೆಯ ಮಾತು ಆಡಲು ಅವನಿಗೆ ನಾಲಿಗೆ ಹೊರಳಲಿಲ್ಲ. ಕೂಸು ಅಡ್ಡ ತಿರುಗಿದೆ, ಕಲಬುರ್ಗಿಗೆ ಒಯ್ಯಬೇಕು, ಹೊಟ್ಟೆ ಕೊಯ್ಯಬೇಕಾಗಬಹುದು ಎಂದು ಜೇವರ್ಗಿಯ ಡಾಕ್ಟರು ಆಗಲೇ ಹೇಳಿದ್ದರಂತೆ. ಚೊಚ್ಚಲಿಗೆ ತವರಿನವರನ್ನು ಕೇಳದೆ ಕೊಯ್ಯಿಸಿದರೆ ನಾಳೆ ಮಾತು ಬರುತ್ತದೆ ಎಂದು ಅವನ ಮನೆಯ ಹಿರಿಯರು ತಡೆದಿದ್ದರಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. "ಒಯ್ರಿ ಮಾಮಾ, ನಮ್ಮಪ್ಪನ ಪರವಾಗಿ ನಾ ಹೇಳ್ತೇನಿ" ಎಂಬ ಒಂದು ಮಾತು ನನ್ನ ಬಾಯಲ್ಲಿ ಬಂದಿದ್ದರೆ ಸಾಕಿತ್ತು. ಅವನು ಅದಕ್ಕಾಗಿಯೇ ಕಾಯುತ್ತಿದ್ದನೋ ಏನೋ.

ಮೂರು ನಿಮಿಷ ಮುಗಿಯಿತು. ನಡುವೆ ಆಪಾ ಬಂದಳು. "ಬೇಟಿ, ಇನ್ನೊಂದು ಮೂರು ಮಿನಿಟ್ ತಗೋ. ಅವರ ಆವಾಜ್ ಸರಿ ಇಲ್ಲ."

"ಬ್ಯಾಡ್ರಿ ಆಪಾ, ಮಂದಿ ಕಾಯಾಕತ್ತಾರ" ಅಂದೆ. ವಾಯರು ಕಿತ್ತೆ.

ಪರರ ಮನೆಗೆ ಆ ಮಾತು ಬಂದಾಗಲೆಲ್ಲ ನನಗೆ ಅರ್ಥವಾಗಿತ್ತು. ನನ್ನ ಮನೆಗೆ ಬಂದಾಗ ನಾನು ಅದನ್ನು ಅಕ್ಷರಶಃ ನಂಬಿದೆ. ನಂಬಿದೆನೋ, ನಂಬಬೇಕೆಂದು ಹಟ ಹಿಡಿದೆನೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಸರಸಂಬಾಕ್ಕೆ ಆಗ ಫೋನಿರಲಿಲ್ಲ. ಆ ಕಡೆ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಅಪ್ಪನಿಗೆ ಚೀಟಿ ಕಳಿಸಿದೆ. ಚೀಟಿ ಬರೆಯುವಾಗ ನನ್ನ ಕೈ ತಾನಾಗಿಯೇ ಬರೆಯಿತು: "ಅಕ್ಕನಿಗೆ ಜರಾ ಆರಾಮಿಲ್ಲ. ಗಾಬರಿ ಆಗೂದೇನಿಲ್ಲ. ಬಿಡುವು ಮಾಡಿಕೊಂಡು ಒಮ್ಮೆ ಬಂದು ಹೋಗು." ಅಪ್ಪನಿಗೆ ಎದೆನೋವಿತ್ತು, ಹೆದರಿಸಬಾರದು ಎಂದುಕೊಂಡಿದ್ದೆ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಓದಿ ಹೇಳಿದ ಮಾಸ್ತರರು "ಬಿಡುವು ಮಾಡಿಕೊಂಡು" ಎಂಬ ಮಾತನ್ನು ಎರಡು ಸಲ ಹೇಳಿದರಂತೆ. ಅಪ್ಪ ಬಿತ್ತನೆ ಮುಗಿಸಿ, ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಉಂಡು, ಸಂಜೆ ಆರರ ಬಸ್ಸಿಗೆ ಆಳಂದಕ್ಕೆ ಬಂದ.

ಜೇವರ್ಗಿಗೆ ಫೋನ್ ಹಚ್ಚಿದೆ. ಆಪಾ ಒಂದು ಕ್ಷಣವೂ ತಡ ಮಾಡಲಿಲ್ಲ, ಮೊದಲ ರಿಂಗಿಗೇ ಲೈನು ಸಿಕ್ಕಿತು. ಆ ಕಡೆ ಫೋನ್ ಎತ್ತಿದವನು ಕೊಳಕೂರಿನವರು ಹೆಣ್ಣಿನ ತಂದೆಯ ಒಪ್ಪಿಗೆಗೆ ಕಾದು ಕಾದು ನಾಲ್ಕಕ್ಕೆ ಜೀಪಿನಲ್ಲಿ ಕಲಬುರ್ಗಿಗೆ ಹೊರಟರು ಅಂದ. ಅಪ್ಪನಿಗೆ ಹೇಳಿದೆ. ಅಪ್ಪ ಹಣೆಗೆ ಕೈ ಹಚ್ಚಿಕೊಂಡು, "ಒಯ್ಯಾಕ ನನ್ನನ್ನೇನು ಕೇಳೂದಿತ್ತು? ಮುಂಜಾನೇನ ಒಯ್ಯೂದಲ್ಲೇನು!" ಅಂದ. ಎಂಟು ತಾಸು ತಡವಾಗಿ ಸಿಕ್ಕ ಉತ್ತರ ಅಷ್ಟೇ ಇತ್ತು.

ಕೂಸು ಉಳಿಯಿತು. ಅಕ್ಕ ಉಳಿಯಲಿಲ್ಲ.

ಮರುದಿನ ಕೊಳಕೂರಿನ ಪಡಸಾಲೆಯಲ್ಲಿ, ಮಣ್ಣು ಮಾಡುವ ಮುನ್ನ, ನಮ್ಮವರ ಪದ್ಧತಿಯಂತೆ ಅಕ್ಕನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ. ಅಪ್ಪ ಅಳಿಯನ ಮುಂದೆ ನಿಂತು ಕೇಳಿದ. "ಮುಂಜಾನೆ ಫೋನ್ ಮಾಡಿದ್ದಿ ಅಂತಲ್ಲಪಾ. ಮತ್ತ ಯಾಕ ಹೇಳಲಿಲ್ಲ?"

ಅವನು ತಲೆಯೆತ್ತಿ ನನ್ನ ಕಡೆ ನೋಡಿದ. ಬೇಡಿಕೊಳ್ಳುವ ಕಣ್ಣು. ನನ್ನ ಕಣ್ಣೂ ಹಾಗೇ ಇದ್ದಿರಬೇಕು.

"ಲೈನ್ ಸರಿ ಇರ್ಲಿಲ್ರಿ ಮಾವಾ. ಮಾತು ಪೂರಾ ಕೇಳಸಲಿಲ್ಲ" ಅಂದ.

ಅಪ್ಪ ನನ್ನತ್ತ ತಿರುಗಿದ. "ಹೌದು ಯಪ್ಪಾ" ಅಂದೆ.

ನಾವಿಬ್ಬರೂ ಮತ್ತೆ ಆ ವಿಷಯ ಮಾತಾಡಲಿಲ್ಲ. ಅವನು ತೀರಿಕೊಂಡು ಬಹಳ ವರ್ಷವಾಯಿತು. ಅಪ್ಪ ಬದುಕಿರುವ ತನಕ ಟೆಲಿಫೋನ್ ವಾಯರನ್ನು ಬೈದ. ಕಂಬದ ಕೆಳಗೆ ಹಾದುಹೋಗುವಾಗ ಉಗುಳುತ್ತಿದ್ದ. ನಾನು ಮಾತ್ರ ಅದೇ ಬೋರ್ಡಿನ ಮುಂದೆ ಮತ್ತೆ ಕೂತೆ. ಆಪಾ ಎರಡು ರಿಂಗು ಕೊಟ್ಟರೂ ಅವಸರ ಮಾಡಲಿಲ್ಲ. ಯಾರಿಗೆ ಬೇಕು ಆ ಅವಸರ? ಆಪಾ ಒಮ್ಮೆ ಮಾತ್ರ "ಬೇಟಿ, ಆ ದಿನ..." ಎಂದು ಶುರುಮಾಡಿದಳು. ನಾನು ವಾಯರು ತೆಗೆದುಬಿಟ್ಟೆ. ರಟ್ಟನ್ನು ಒಲೆಗೆ ಹಾಕಿದೆ. ತೊಂಬತ್ತರ ದಶಕದಲ್ಲಿ ಬೋರ್ಡು ಹೋಗಿ ನೇರ ಡಯಲ್ ಬಂತು. ಮಂದಿ ಸಿಹಿ ಹಂಚಿದರು, ನಾನು ತಿನ್ನಲಿಲ್ಲ. ಕೂಸನ್ನು ನಾನೇ ತಂದು ಸಾಕಿದೆ. ನನ್ನದು ದೊಡ್ಡ ತ್ಯಾಗ ಎಂದು ಊರೆಲ್ಲ ಅಂದಿತು. ಅಂದವರ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಆ ರಿಪೇರಿಯವನು ಮಧ್ಯಾಹ್ನದ ತನಕ ಕೆಲಸ ಮಾಡಿದ. ಗೋಡೆಯ ಆಚೆಗಿದ್ದ ಇಂಟರ್ನೆಟ್ ಡಬ್ಬಿಯಿಂದ ಕಂಪ್ಯೂಟರಿಗೆ ನೇರವಾಗಿ ವಾಯರು ಎಳೆದ. ಮನೆಯಲ್ಲಿ ಯಾರಾದರೂ ಟೀವಿಯಲ್ಲಿ ಸಿನಿಮಾ ನೋಡಿದರೂ ಪಾಠದ ಮಾತು ಸಾಲಿನಲ್ಲಿ ಹಿಂದೆ ನಿಲ್ಲದಂತೆ ಡಬ್ಬಿಯೊಳಗೆ ಏನೋ ಹೊಂದಿಸಿದ. ಪರದೆಯ ಮೇಲೆ ತಡವನ್ನು ತೋರಿಸುವ ಮೂರಂಕಿಯ ಸಂಖ್ಯೆ ಎರಡಂಕಿಗೆ ಇಳಿಯಿತು. ನನ್ನ ಮಗಳು, ಹೌದು, ಮಗಳೇ ಅನ್ನುತ್ತೇನೆ, ಆ ಕಡೆಯ ಹುಡುಗಿಗೆ ಏಳೆಂಟಲೆ ಎಷ್ಟು ಎಂದು ಕೇಳಿದಳು. ಬಾಯಿ ಮುಚ್ಚುವಷ್ಟರಲ್ಲಿ ಉತ್ತರ ಬಂತು. ಇವಳು ಚಪ್ಪಾಳೆ ತಟ್ಟಿದಳು.

ರಿಪೇರಿಯವನು ಹೋದ ಮೇಲೆ ನನ್ನ ಪಕ್ಕದಲ್ಲಿ ಬಂದು ಕೂತಳು. ವಯಸ್ಸಾದಂತೆ ಅಕ್ಕನ ಮುಖವೇ ಬರುತ್ತಿದೆ ಅವಳಿಗೆ. ಈಗ ಅಕ್ಕನಿಗಿಂತ ಅವಳೇ ದೊಡ್ಡವಳು.

"ಚಿಗವ್ವಾ, ಆಗ ಇಂಥಾ ಲೈನ್ ಇದ್ದಿದ್ರ ನಮ್ಮವ್ವ ಉಳೀತಿದ್ಲು. ಹೌದಲ್ಲ?"

ನಡುವೆ ವಾಯರಿಲ್ಲ, ಬೋರ್ಡಿಲ್ಲ, ಮೂರು ನಿಮಿಷದ ಕಟ್ಟಳೆಯಿಲ್ಲ. ಒಂದು ಮೊಳ ದೂರದಲ್ಲಿ ಕೂತಿದ್ದಳು. ಆ ದಿನ ಲೈನು ಚೊಕ್ಕವಾಗಿಯೇ ಇತ್ತು ಎಂದು ಹೇಳಲು ಬಾಯಿ ತೆರೆದೆ. ಸೆರಗಿನಿಂದ ಬಾಯಿ ಒರೆಸಿಕೊಂಡೆ. ಅವಳು ನನ್ನ ಮುಖ ನೋಡಿದಳು.

"ಯಾಕ ಚಿಗವ್ವಾ? ಏನಾತು?"

"ಏನಿಲ್ಲವ್ವಾ" ಅಂದೆ. "ಗಾಬರಿ ಆಗೂದೇನಿಲ್ಲ."