ಹಮೀದ್ ಕಾಕನ ಬಲಗೈ

ಹಮೀದ್ ಕಾಕ ಜೀಪಿನ ರೋಗ ಪತ್ತೆ ಮಾಡುತ್ತಿದ್ದುದು ಉದ್ದನೆಯ ಒಂದು ಸ್ಕ್ರೂಡ್ರೈವರಿನಿಂದ. ಅದರ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಎಸ್ಟೇಟಿನ ರೈಟರೇ ಬಂದಿರಲಿ, ಸಾಹುಕಾರರೇ ಬಂದಿರಲಿ, ಆ ಹೊತ್ತಿನಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಬಿಟ್ಟು, “ಮೂರನೇದ್ರ ವಾಲ್ವು,” ಎನ್ನುತ್ತಿದ್ದರು, ಅಷ್ಟೇ. ಡ್ಯಾಶ್‌ಬೋರ್ಡಿನ ಮೀಟರುಗಳ ಮೇಲೆ ಅವರಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. “ಮುಳ್ಳು ಸುಳ್ಳು ಹೇಳ್ತದೆ. ಸದ್ದು ಹೇಳಲ್ಲ,” ಎಂಬ ಮಾತು ದಿನಕ್ಕೆ ನಾಲ್ಕು ಸಲವಾದರೂ ಅವರ ಬಾಯಲ್ಲಿ ಬರುತ್ತಿತ್ತು.

ಬಾಳೂರಿನಲ್ಲಿ ರಸ್ತೆಗೆ ತಾಗಿಕೊಂಡೇ ಅವರ ಗ್ಯಾರೇಜು, ಅದರ ಹಿಂದೆ ಮನೆ. ಎದುರಿಗೆ ನಮ್ಮಪ್ಪನ ದಿನಸಿ ಅಂಗಡಿ. ಹಾಗಾಗಿ ನಾನು ಯೂನಿಫಾರ್ಮು ಹಾಕಿಕೊಂಡು ಶಾಲೆಯ ಬಸ್ಸಿಗೆ ಕಾಯುತ್ತಿದ್ದ ಕಾಲದಿಂದಲೂ ಅವರು ನನಗೆ ಕಾಕ. ಫಿಸಿಯೋಥೆರಪಿ ಓದಿ ಮೂಡಿಗೆರೆಯಲ್ಲಿ ಸಣ್ಣದೊಂದು ಕ್ಲಿನಿಕ್ ತೆರೆದ ದಿನವೇ ಅವರು ಏಕವಚನ ಬಿಟ್ಟು ‘ಡಾಕ್ಟ್ರಮ್ಮ’ ಎಂದು ಶುರುಮಾಡಿದರು. ನಾನು ಡಾಕ್ಟರಲ್ಲ, ಫಿಸಿಯೋ ಎಂದು ಎಷ್ಟು ಸಲ ಹೇಳಿದರೂ ಕೇಳಲಿಲ್ಲ. “ಜೀಪು ರಿಪೇರಿ ಮಾಡೋನು ಮೆಕ್ಯಾನಿಕ್ಕು, ಮನುಷ್ಯರ್ನ ರಿಪೇರಿ ಮಾಡೋರು ಡಾಕ್ಟ್ರು. ಮುಗೀತಲ್ಲ ಮಾರಾಯ್ರೆ,” ಎಂದುಬಿಟ್ಟರು.

ಎರಡು ವರ್ಷದ ಹಿಂದೆ ಅವರು ಎಡಗೈಯಲ್ಲಿ ಬಲಗೈಯನ್ನು ಹಿಡಿದುಕೊಂಡು ಕ್ಲಿನಿಕ್ಕಿಗೆ ಬಂದರು. ಮೂಳೆ ಡಾಕ್ಟರು ಪರೀಕ್ಷಿಸಿ ಕಳಿಸಿದ್ದರು. ಬಲಭುಜದ ಕೀಲು ಬಿಗಿದುಕೊಂಡು ಕೈ ಮೇಲೇಳುತ್ತಿರಲಿಲ್ಲ. ಕೆಲಸಕ್ಕೆ ತೊಂದರೆಯಾಗಿರಬೇಕಲ್ಲ ಎಂದು ಕೇಳಿದೆ.

“ಜೀಪು ಎಡಗೈಲೂ ಬಿಚ್ತೀನಿ, ಅದಿರ್ಲಿ. ಇಲ್ನೋಡಿ,” ಎಂದು ಎದ್ದು ನಿಂತು, ನಮಾಜಿಗೆ ನಿಲ್ಲುವವರಂತೆ ಎರಡೂ ಕೈ ಎತ್ತಿದರು. ಎಡಗೈ ಕಿವಿಯ ತನಕ ಹೋಯಿತು. ಬಲಗೈ ಎದೆಯ ಹತ್ತಿರವೇ ನಿಂತಿತು. “ದಿನಕ್ಕೆ ಐದು ಹೊತ್ತೂ ಹಿಂಗೆ ಅರ್ಧಕ್ಕೆ ನಿಲ್ತದೆ.”

“ಕೈಲಾಗದವರಿಗೆ ರಿಯಾಯಿತಿ ಇಲ್ವಾ ಕಾಕ?”

“ಉಂಟು. ರಿಯಾಯಿತಿ ಕೇಳಿ ಅಭ್ಯಾಸ ಇಲ್ಲ ನನ್ಗೆ.”

ಕಿವಿಯ ತನಕ ಕೈ ತರಿಸುವುದು ನನ್ನ ಜವಾಬ್ದಾರಿ ಎಂದು ಅಲ್ಲೇ ಮಾತು ಕೊಟ್ಟೆ. ಹೊಸದಾಗಿ ಅಂಗಡಿ ತೆರೆದವರಿಗೆ ಮಾತು ಕೊಡುವುದು ಸುಲಭ.

ಆಗ ನನಗೆ ಆ್ಯಪಿನ ಹುಚ್ಚು ಹತ್ತಿತ್ತು. ಕಳಸ, ಸಂಸೆ, ಹೊರನಾಡಿನ ಕಡೆಯ ರೋಗಿಗಳು ವಾರಕ್ಕೆ ಮೂರು ಸಲ ಬಸ್ಸು ಹತ್ತಿ ಬರಲಾರರು. ಅಂಥವರ ಫೋನಿಗೆ ವ್ಯಾಯಾಮದ ಆ್ಯಪು ಹಾಕಿಕೊಡುತ್ತಿದ್ದೆ. ಫೋನನ್ನು ಪಟ್ಟಿಯಿಂದ ಮುಂಗೈಗೆ ಕಟ್ಟಿಕೊಂಡು ಕೈ ಎತ್ತಿ ಇಳಿಸಿದರೆ ಅದೇ ಎಣಿಸುತ್ತದೆ. ಅದರೊಳಗಿನ ಹೆಂಗಸು ಕನ್ನಡದಲ್ಲಿ ಹುರಿದುಂಬಿಸುತ್ತಾಳೆ. ದಿನಕ್ಕೆ ಎಷ್ಟು ಸಲ ಮಾಡಿದರೆಂಬುದು ನನ್ನ ಫೋನಿಗೂ ಬರುತ್ತದೆ. ಪೂರ್ತಿ ಮಾಡಿದರೆ ಹಸಿರು, ಬಿಟ್ಟರೆ ಕೆಂಪು. ಹಮೀದ್ ಕಾಕನಿಗೂ ಹಾಕಿಕೊಟ್ಟು, ದಿನಕ್ಕೆ ಮೂವತ್ತು ಸಲ ಎಂದು ನಿಗದಿ ಮಾಡಿ, ಮೂರು ವಾರ ಬಿಟ್ಟು ಬರಲು ಹೇಳಿದೆ.

ಮರುದಿನದಿಂದಲೇ ಹಸಿರು ಬರತೊಡಗಿತು. ಮೂವತ್ತು, ಮೂವತ್ತು, ಮೂವತ್ತು. ಶುಕ್ರವಾರವೂ ಮೂವತ್ತು, ಕಳಸದ ಸಂತೆಯ ದಿನವೂ ಮೂವತ್ತು. ಎರಡನೆಯ ವಾರಕ್ಕೆ ನಾನದನ್ನು ಉಳಿದ ರೋಗಿಗಳಿಗೆ ತೋರಿಸಿ, “ಅರವತ್ತು ದಾಟಿದವರು ನೋಡಿ, ಒಂದು ದಿನ ತಪ್ಪಿಸಿಲ್ಲ,” ಎಂದು ಮೂದಲಿಸಲು ಶುರುಮಾಡಿದ್ದೆ. ಮೂಳೆ ಡಾಕ್ಟರಿಗೂ ಕಳಿಸಿದೆ. ಈ ಮೂರು ವಾರದಲ್ಲಿ ನಾನು ಮಾಡದೇ ಹೋದ ಕೆಲಸವೆಂದರೆ ಒಂದೇ. ಕಾಕನಿಗೆ ಒಂದು ಫೋನು ಮಾಡಿ, ನೋವು ಹೇಗಿದೆ ಎಂದು ಕೇಳಲಿಲ್ಲ.

ಮೂರು ವಾರ ಕಳೆದು ಬಂದಾಗ ಕೈ ಎತ್ತಿಸಿದೆ. ಎದೆಯ ಹತ್ತಿರವೇ ನಿಂತಿತು, ಒಂದು ಬೆರಳಿನಷ್ಟೂ ಮೇಲೆ ಬರಲಿಲ್ಲ. ನಾನು ಫೋನು ನೋಡಿದೆ, ಕೈ ನೋಡಿದೆ. ಕಾಕ ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಮಾರನೆಯ ಬೆಳಿಗ್ಗೆ ಹೇಳದೆ ಕೇಳದೆ ಕಳಸದ ಬಸ್ಸು ಹತ್ತಿ ಬಾಳೂರಿನಲ್ಲಿಳಿದೆ. ಗ್ಯಾರೇಜಿನೊಳಗೆ ಕಾಕ ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ಚಹಾ ಕುಡಿಯುತ್ತಿದ್ದರು. ಮೇಜಿನ ಮೇಲೆ ಹಳೇ ಜೀಪಿನ ವೈಪರ್ ಮೋಟಾರು, ಪಕ್ಕದಲ್ಲಿ ಬ್ಯಾಟರಿ. ವೈಪರಿನ ಕಡ್ಡಿಗೆ ಟ್ಯೂಬಿನ ರಬ್ಬರಿನಿಂದ ಬಿಗಿಯಾಗಿ ಕಟ್ಟಿದ್ದ ಫೋನು ಅತ್ತಿಂದಿತ್ತ ಇತ್ತಿಂದತ್ತ ಆಡುತ್ತಿತ್ತು. “ತುಂಬಾ ಚೆನ್ನಾಗಿ ಮಾಡುತ್ತಿದ್ದೀರಿ! ಇನ್ನು ಐದೇ ಬಾಕಿ!” ಎಂದು ಒಳಗಿನ ಹೆಂಗಸು ಹುರಿದುಂಬಿಸುತ್ತಿದ್ದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. “ಯಾರಿಗೆ ಮೋಸ ಮಾಡ್ದಂಗಾಯ್ತು ಕಾಕ ಇದು?” ಎಂದೆ.

ಅವರು ಮೊದಲು ಮೋಟಾರು ಆಫ್ ಮಾಡಿದರು. “ಮೊದಲ್ನೇ ದಿನ ಮಾಡ್ದೆ ಡಾಕ್ಟ್ರಮ್ಮ. ಏಳಕ್ಕೇ ಕಣ್ಣು ಕತ್ತಲೆ ಬಂತು. ನೋಯ್ತದೆ ಅಂದೆ. ಇವ್ಳಿಗೆ ಕೇಳಿಸ್ಬೇಕಲ್ಲ, ಇನ್ನೂ ಎತ್ತಿ ಅಂತಾಳೆ. ಬಿಟ್ರೆ ಕೆಂಪು ಬರ್ತದೆ, ನೀವು ಬೇಜಾರು ಮಾಡ್ಕೋತೀರಿ. ಕಣ್ಣೆದುರು ಬೆಳೆದ ಮಗು, ಹೊಸ ಕ್ಲಿನಿಕ್ಕು.” ಚಹಾದ ಲೋಟ ಮೇಜಿನ ಮೇಲಿಟ್ಟು, “ಮತ್ತೆ ನೀವೂ ಮುಳ್ಳೇ ನೋಡಿದ್ರಿ. ಸದ್ದು ಕೇಳ್ಲಿಲ್ಲ,” ಎಂದರು.

ಆ ಮಾತು ನಾಟಿತು. ಎರಡು ದಿನ ಅವರ ಮೇಲೆ ಸಿಟ್ಟು ಇಟ್ಟುಕೊಳ್ಳಲು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ. ತಪ್ಪು ನನ್ನದೇ ಆಗಿತ್ತು.

ಮೂರನೆಯ ದಿನ ಮತ್ತೆ ಹೋಗಿ, ತುಕ್ಕು ಹಿಡಿದು ಜಾಮ್ ಆದ ನಟ್ಟನ್ನು ಅವರು ಹೇಗೆ ಬಿಚ್ಚುತ್ತಾರೆಂದು ಕೇಳಿದೆ. “ಸುತ್ತಿಗೆ ಹಾಕಿದ್ರೆ ಬೋಲ್ಟೇ ಮುರೀತದೆ. ಎಣ್ಣೆ ಬಿಟ್ಟು ಕಾಯ್ಬೇಕು. ಆಮೇಲೆ ಮೊದ್ಲು ಬಿಗಿ ಮಾಡೋ ಕಡೆಗೇ ಒಂಚೂರು ತಿರುಗಿಸ್ಬೇಕು. ಆಗ ಬಿಚ್ಚೋ ಕಡೆಗೆ ಅದಾಗೇ ಬರ್ತದೆ,” ಎಂದರು. ನಾಲ್ಕೂವರೆ ವರ್ಷ ಕಾಲೇಜಿನಲ್ಲಿ ಕಲಿತದ್ದನ್ನು ಅವರು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ್ದರು. ಅದನ್ನೇ ಅವರ ಭುಜಕ್ಕೆ ಹೇಳಿಕೊಟ್ಟೆ. ಮೊದಲು ಬಿಸಿನೀರಿನ ಬಟ್ಟೆ. ಆಮೇಲೆ ಕೈಯನ್ನು ಕೆಳಕ್ಕೆ ಒತ್ತಿ ಹಿಡಿಯುವುದು, ಸಡಿಲ ಬಿಡುವುದು, ಆಮೇಲೆ ಮೇಲಕ್ಕೆ ಎತ್ತುವುದು. ಮೂವತ್ತರ ಹಟ ಬಿಟ್ಟೆ. ವಾರಕ್ಕೆರಡು ಸಲ ನಾನೇ ಫೋನು ಮಾಡುತ್ತಿದ್ದೆ. ಫೋನು ಮುಂಗೈಯಲ್ಲೇ ಉಳಿಯಿತು, ಆದರೆ ಆ್ಯಪಿನ ಹೆಂಗಸಿನ ಬಾಯಿ ಮುಚ್ಚಿಸಿ, ಬಾಯಿಬಿಟ್ಟು ಎಣಿಸುವ ಕೆಲಸವನ್ನು ಕಾಕನ ಹೆಂಡತಿ ಜೋಹರಮ್ಮನಿಗೆ ಕೊಟ್ಟೆ. ಅವರು ಒಲೆಯ ಮುಂದೆ ಪತ್ತಿರಿ ರೊಟ್ಟಿ ಬಡಿಯುತ್ತಲೇ ತಮ್ಮ ಬ್ಯಾರಿ ಮಾತಿನಲ್ಲಿ ಗಟ್ಟಿಯಾಗಿ ಎಣಿಸುತ್ತಿದ್ದರು. ಕಾಕನ ಉಸಿರು ಬದಲಾದರೆ ಅವರಿಗೆ ಅಡಿಗೆಮನೆಯಿಂದಲೇ ಗೊತ್ತಾಗುತ್ತಿತ್ತು, ಅಲ್ಲಿಗೆ ಎಣಿಕೆ ನಿಲ್ಲಿಸುತ್ತಿದ್ದರು.

ನನ್ನ ಫೋನಿಗೆ ಈಗ ಏಳು, ಒಂಬತ್ತು, ನಾಲ್ಕು, ಹನ್ನೊಂದು ಎಂದು ಸೊಟ್ಟಸೊಟ್ಟ ಲೆಕ್ಕ ಬರತೊಡಗಿತು. ಹೆಚ್ಚಿನ ದಿನ ಕೆಂಪೇ. ಅದನ್ನು ನೋಡಿ ನನಗಾಗುತ್ತಿದ್ದ ಸಂತೋಷವನ್ನು ಯಾರಿಗೂ ಹೇಳಿಕೊಳ್ಳುವ ಹಾಗಿರಲಿಲ್ಲ.

ಕಾಫಿ ಕೊಯ್ಲು ಮುಗಿದು, ಗಿಡಗಳನ್ನು ಅರಳಿಸುವ ಹೂ ಮಳೆಯೂ ಆದ ಮೇಲೆ ಒಂದು ಮಧ್ಯಾಹ್ನ ಕಾಕ ಕ್ಲಿನಿಕ್ಕಿನ ಬಾಗಿಲಲ್ಲಿ ಬಂದು ನಿಂತರು. ಒಳಗೆ ನಾಲ್ಕು ಜನ ರೋಗಿಗಳಿದ್ದರು. ಕಾಕ ಚಪ್ಪಲಿ ಬಿಡಲಿಲ್ಲ, ಕೂರಲೂ ಇಲ್ಲ. ಎರಡೂ ಕೈಗಳನ್ನು ಕಿವಿಯ ತನಕ ಎತ್ತಿ, ನನಗೆ ಕಾಣುವಷ್ಟು ಹೊತ್ತು ಹಿಡಿದು, ಇಳಿಸಿದರು.

“ಬಂತು,” ಎಂದರು.

“ಬನ್ನಿ ಕಾಕ, ಅಳತೆ ತಗೋತೀನಿ.”

“ಅಳ್ತೆ ಎಂತಕ್ಕೆ? ಬಸ್ಸುಂಟು,” ಎಂದು ಹೊರಟೇಹೋದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಕಳೆದ ಮಳೆಗಾಲದಲ್ಲಿ ಜ್ವರ ಬಂದು, ಅದು ನ್ಯುಮೋನಿಯಾಕ್ಕೆ ತಿರುಗಿ, ಹಮೀದ್ ಕಾಕ ನಾಲ್ಕೇ ದಿನದಲ್ಲಿ ಹೋಗಿಬಿಟ್ಟರು. ನಾನು ತರಬೇತಿಗೆಂದು ಮಂಗಳೂರಿಗೆ ಹೋಗಿದ್ದೆ. ಸುದ್ದಿ ತಿಳಿದ ದಿನ ಯಾರ ಮುಂದೆಯೂ ಅಳಲಿಲ್ಲ, ಬಸ್ಸಿನಲ್ಲಿ ಕೂತು ಅತ್ತೆ. ಆ್ಯಪಿನಿಂದ ಅವರ ಹೆಸರು ತೆಗೆಯಲು ಮನಸ್ಸು ಬರಲಿಲ್ಲ.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನನ್ನ ಫೋನಿನಲ್ಲಿ ಹಸಿರು ಬಂತು. ಹಮೀದ್, ಮೂವತ್ತು. ನಮ್ಮ ಕಡೆ ನೆಟ್‌ವರ್ಕ್ ಸಿಕ್ಕಾಗ ಹಳೇ ಲೆಕ್ಕವೆಲ್ಲ ಒಟ್ಟಿಗೆ ಬರುವುದುಂಟು, ಹಾಗೇ ಇರಬೇಕೆಂದುಕೊಂಡೆ. ತೆರೆದು ನೋಡಿದರೆ ಅವತ್ತಿನದೇ ತಾರೀಕು. ಮಾರನೆಯ ದಿನವೂ ಮೂವತ್ತು. ನನಗೆ ವೈಪರಿನ ನೆನಪಾಯಿತು. ಮೂರನೆಯ ದಿನ ಬಸ್ಸು ಹತ್ತಿದೆ.

ಗ್ಯಾರೇಜಿನ ಬಾಗಿಲು ಹಾಕಿತ್ತು. ಹಿಂದಿನಿಂದ ಹೋಗಿ ಮನೆಯ ಬಾಗಿಲು ತಟ್ಟಿದೆ. ಜೋಹರಮ್ಮ ಒಳಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಫೋನು ಅವರ ಮುಂಗೈಗೆ ಕಟ್ಟಿತ್ತು, ಕಾಕನ ಅದೇ ಪಟ್ಟಿ. ನನ್ನನ್ನು ಕಂಡು ಬಿಚ್ಚಲು ಹೋದರು.

“ನನ್ಗೂ ನೋವುಂಟು, ವರ್ಷದ ಮೇಲಾಯ್ತು,” ಎಂದರು. “ನಿಮ್ಮಲ್ಲಿಗೆ ಬರೋಣ ಅಂದ್ರೆ, ಇದ್ದತ್ತು. ಗಂಡ ಹೋದ್ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟೋ ಹಾಗಿಲ್ಲ. ಅವ್ರಿಗೆ ಎಣಿಸಿ ಎಣಿಸಿ ಎಲ್ಲ ಬಾಯಿಪಾಠ ಆಗಿದೆ. ನೋಡಿ, ಮೂವತ್ತು ಬಂದಿದ್ಯಾ?”

ನಾನು ಫೋನು ಬಿಚ್ಚಿ ಚಾಪೆಯ ಮೇಲೆ ಮಗುಚಿಟ್ಟೆ. “ಮೂವತ್ತು ಇರ್ಲಿ. ಕೈ ಎತ್ತಿ, ನೋಡ್ತೀನಿ.”

ಎದೆಯ ಹತ್ತಿರ ಬಂದು ನಿಂತಿತು. ಕಾಕನದು ನಿಲ್ಲುತ್ತಿದ್ದ ಜಾಗದಲ್ಲೇ.

“ನೋಯ್ತದಾ?”

“ಇಲ್ಲ,” ಎಂದರು, ಹಲ್ಲು ಕಚ್ಚಿಕೊಂಡು.

ಅವರ ಭುಜದ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಕೈಯನ್ನು ಮೆಲ್ಲಗೆ ಆಡಿಸಿದೆ. ಒಳಗೆ ಎಲ್ಲಿ ಬಿಗಿದಿದೆ, ಎಲ್ಲಿ ಲಟಲಟ ಎನ್ನುತ್ತಿದೆ ಎಂಬುದು ನಿಧಾನವಾಗಿ ತಿಳಿಯತೊಡಗಿತು. ಕಣ್ಣು ಬಿಟ್ಟಾಗ ಅವರು ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣು ತುಂಬಿಕೊಂಡಿತ್ತು.

“ಅವ್ರೂ ಹಿಂಗೇ ನೋಡಿದ್ರು,” ಎಂದರು. “ಆ ಸ್ಕ್ರೂಡ್ರೈವರ್ ತಂದು ಇಲ್ಲಿಗೇ ಇಟ್ಟು, ಕಿವಿ ಕೊಟ್ಟು ಕೇಳಿ, ನಿಂದೂ ಜಾಮ್ ಆಗಿದೆ ಅಂದ್ರು. ಮಳೆ ಬಿಡ್ಲಿ, ಡಾಕ್ಟ್ರಮ್ಮನ ಹತ್ರ ಕರ್ಕೊಂಡು ಹೋಗ್ತೀನಿ ಅಂದಿದ್ರು.”

ಹೊರಗೆ ಮಳೆ ಇನ್ನೂ ಬಿಟ್ಟಿರಲಿಲ್ಲ. ನಾನು ಎದ್ದು ಬಿಸಿನೀರು ಕಾಯಿಸಲು ಅವರ ಅಡಿಗೆಮನೆಗೆ ಹೋದೆ.