ವೆಂಕಟರಾಮಪ್ಪನವರ ಚಾಕು, ಸಿದ್ದರಾಜುವಿನ ಹಿಮ್ಮಡಿ

ಸೋಂಪುರದ ಆ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಮ್ಯಾನೇಜರು ಮೂರು ಸಲ ಬದಲಾಗಿದ್ದಾರೆ, ಕ್ಯಾಂಟೀನಿನವನು ಐದು ಸಲ. ಬದಲಾಗದೆ ಉಳಿದವು ಎರಡೇ: ಸ್ಟೋರ್ಸಿನ ವೆಂಕಟರಾಮಪ್ಪನವರು ಮತ್ತು ಅವರ ಪ್ಯಾಂಟಿನ ಬಲಜೇಬಿನಲ್ಲಿದ್ದ ಮಡಚುವ ಚಾಕು.

ಕೊಂಬಿನ ಹಿಡಿಯ, ಮೂರು ಬೆರಳುದ್ದದ ಅಲಗಿನ ಆ ಚಾಕು ಹತ್ತೊಂಬತ್ತು ವರ್ಷದಿಂದ ಅವರ ಜೊತೆ ತ್ಯಾಮಗೊಂಡ್ಲಿನಿಂದ ಸ್ಕೂಟರಿನಲ್ಲಿ ಬರುತ್ತಿತ್ತು, ಸಂಜೆ ವಾಪಸು ಹೋಗುತ್ತಿತ್ತು. ಪ್ಯಾಕಿಂಗ್ ಪಟ್ಟಿ ಕತ್ತರಿಸಲು, ಗೋಣಿದಾರ ಬಿಡಿಸಲು, ವೈರಿನ ತುದಿ ಸುಲಿಯಲು, ಯಾರದೋ ಹೊಸ ಅಂಗಿಯ ಬೆಲೆಚೀಟಿ ಕೀಳಲು ಎಲ್ಲಕ್ಕೂ ಅದೇ. ಕಾರ್ಖಾನೆಯಲ್ಲಿ ಕಟ್ಟರುಗಳಿಗೇನೂ ಬರವಿರಲಿಲ್ಲ. ಆದರೆ ಅವನ್ನು ರಿಜಿಸ್ಟರಿನಲ್ಲಿ ಸಹಿ ಹಾಕಿ ಪಡೆಯಬೇಕು. ರಿಜಿಸ್ಟರು ವೆಂಕಟರಾಮಪ್ಪನವರ ಮೇಜಿನ ಮೇಲೆ, ಪೆನ್ನು ಅವರ ಜೇಬಿನಲ್ಲಿ, ಮತ್ತು ಆ ಪೆನ್ನು ಹೊರಗೆ ಬರುವಷ್ಟರಲ್ಲಿ ಊಟದ ಗಂಟೆ ಹೊಡೆಯುತ್ತಿತ್ತು. ಅದರ ಬದಲು ಅವರ ಚಾಕುವನ್ನೇ ಕೇಳುವುದು ಸಲೀಸು.

"ಸಾರ್, ಚಾಕು" ಎಂದರೆ ಸಾಕು, ಅವರ ಮುಖಕ್ಕೆ ತಹಸೀಲ್ದಾರರ ಕಳೆ ಬರುತ್ತಿತ್ತು. ಕೈಗೆ ಮಾತ್ರ ಕೊಡುತ್ತಿರಲಿಲ್ಲ. ಚಾಕುವನ್ನು ಕೈಯಿಂದ ಕೈಗೆ ದಾಟಿಸಿದರೆ ಜಗಳವಾಗುತ್ತದೆಂದು ಅವರ ತಾಯಿ ಪಾಪಕ್ಕ ಹೇಳಿದ್ದರು. ಮೇಜಿನ ಮೇಲೆ ಇಡುವರು, ಕೇಳಿದವನು ಎತ್ತಿಕೊಳ್ಳಬೇಕು.

ಇಷ್ಟಾಗಿ ಅವರು ಶುಚಿಗೆ ಹೆಸರಾದವರು. ಕ್ಯಾಂಟೀನಿನ ಲೋಟ ಮುಟ್ಟರು, ಪಕ್ಕದಲ್ಲಿ ಯಾರಾದರೂ ಸೀನಿದರೆ ಎದ್ದು ಕಿಟಕಿಯ ಬಳಿ ಹೋಗುವರು. ಊಟದ ಡಬ್ಬಿ ಮುಚ್ಚಿದ ಮೇಲೆ ತಮ್ಮ ತೋಟದ ಸೀಬೆಹಣ್ಣೊಂದನ್ನು ಅದೇ ಚಾಕುವಿನಿಂದ ನಾಲ್ಕು ಹೋಳು ಮಾಡಿ, ಉಪ್ಪುಕಾರ ಸವರಿ, ಕಣ್ಣು ಅರ್ಧ ಮುಚ್ಚಿ ತಿನ್ನುವರು. ದಿನದಲ್ಲಿ ಅವರು ನಗುತ್ತಿದ್ದುದು ಆಗಲೇ.

ಆಗಸ್ಟಿನ ಒಂದು ಶನಿವಾರ ಲೋಡಿಂಗಿನ ಸಿದ್ದರಾಜು ಪಟ್ಟಿ ಕುಯ್ಯಬೇಕೆಂದು ಚಾಕು ಒಯ್ದ. ಅರ್ಧ ಗಂಟೆಯಾದರೂ ಬರಲಿಲ್ಲ. ಊಟದ ಹೊತ್ತು. ವೆಂಕಟರಾಮಪ್ಪನವರು ಹುಡುಕಿಕೊಂಡು ಹೋದರು. ರಟ್ಟಿನ ರಾಶಿಯ ಹಿಂದೆ ಸಿದ್ದರಾಜು ಒಂದು ಶೂ ಬಿಚ್ಚಿ, ಕಾಲನ್ನು ತೊಡೆಯ ಮೇಲೇರಿಸಿಕೊಂಡು ಕೂತಿದ್ದ. ಒಣಕೊಬ್ಬರಿ ಹೆರೆದ ಹಾಗೆ ಹಿಮ್ಮಡಿಯ ಚರ್ಮ ಪದರಪದರವಾಗಿ ಅಲಗಿನ ಮೇಲೆ ಬರುತ್ತಿತ್ತು.

"ಏನಯ್ಯಾ ಇದು?"

"ಹಿಮ್ಮಡಿ ಸಾರ್. ಸೇಫ್ಟಿ ಶೂ ಹಾಕಿ ಹಾಕಿ ಒಡ್ದೋಗೈತೆ."

"ಅದು ನನ್ ಚಾಕು."

"ಹೂಂ ಸಾರ್. ಬೇರೇದ್ರಲ್ಲಿ ಇಷ್ಟು ನೈಸಾಗಿ ಬರಲ್ಲ."

ವೆಂಕಟರಾಮಪ್ಪನವರ ಬಾಯಲ್ಲಿ ನೀರು ಬಂತು. ಹಸಿವಿನ ನೀರಲ್ಲ, ವಾಂತಿಗೆ ಮುಂಚೆ ಬರುವಂಥದ್ದು.

"ಎಷ್ಟು ದಿವ್ಸದಿಂದ ನಡೀತಿದೆ?"

"ದಿನಾ ಏನಿಲ್ಲ ಸಾರ್. ಶನಿವಾರ ಶನಿವಾರ. ಲೋಡಿಂಗಿಗೆ ಬಂದಾಗಿಂದ."

ಅವನು ಲೋಡಿಂಗಿಗೆ ಬಂದು ಆರು ವರ್ಷವಾಗಿತ್ತು. ಆರು ವರ್ಷದ ಸೀಬೆಹಣ್ಣುಗಳು ವೆಂಕಟರಾಮಪ್ಪನವರ ಗಂಟಲಿನ ಹತ್ತಿರ ಸಾಲಾಗಿ ಬಂದು ನಿಂತವು. ಸಿದ್ದರಾಜು ಅಲಗನ್ನು ಪ್ಯಾಂಟಿಗೆ ಎರಡು ಸಲ ಒರೆಸಿ, ಮಡಚಿ, ಹಿರಿಯರ ಪದ್ಧತಿ ನೆನಪಾಗಿ ನೆಲದ ಮೇಲಿಟ್ಟ. ಅವರು ಎತ್ತಿಕೊಳ್ಳಲಿಲ್ಲ.

"ನೀನೇ ಇಟ್ಕೊ. ಇವತ್ತಿಂದ ಅದು ನಿಂದು."

"ಅಯ್ಯೋ, ದೊಡ್ಡ ಮನಸ್ಸು ಸಾರ್ ನಿಮ್ದು."

ವಿಷಯವನ್ನು ಅವರು ಯಾರಿಗೂ ಹೇಳಲಿಲ್ಲ. ಹೇಳಿದರೆ ಮೊದಲು ಬರುವ ಪ್ರಶ್ನೆ ಸೀಬೆಹಣ್ಣಿನದೇ. ಹೆಂಡತಿ ಅನುಸೂಯಮ್ಮನಿಗೆ ಚಾಕು ಕಳೆದುಹೋಯಿತೆಂದರು. ಅವರಿಗೆ ಈಗ ಬೇಕಾದದ್ದು ಒಂದೇ: ಯಾರ ಕಾಲಿಗೂ ಸೋಕದ, ತಮ್ಮ ಹಣ್ಣಿಗೆ ಮಾತ್ರ ನಿಯತ್ತಾಗಿರುವ ಚಾಕು. ಆದರೆ ಕಾರ್ಖಾನೆಯವರು ಬಂದು ಅದನ್ನು ಕೇಳುವುದನ್ನು ಬಿಡಲೂಬಾರದು.

ದಾಬಸ್‌ಪೇಟೆಯ ಹಾರ್ಡ್‌ವೇರ್ ಅಂಗಡಿಯ ಮುನಿಕೃಷ್ಣ ಗಾಜಿನ ಮೇಲೆ ಒಂದೊಂದಾಗಿ ಹರಡಿದ. ಮೊದಲನೆಯದು ಕೆಂಪು ಹಿಡಿಯದು, ಹನ್ನೊಂದು ಸಾಮಾನು ಒಂದೇ ಹೊಟ್ಟೆಯಲ್ಲಿ. ಅವನು ಬದಿಯಿಂದ ಪ್ಲಾಸ್ಟಿಕ್ ಕಡ್ಡಿಯೊಂದನ್ನು ಎಳೆದು ತೋರಿಸಿದ.

"ಇದೇನು?"

"ಹಲ್ಲುಕಡ್ಡಿ ವೆಂಕಟ್ರಾಮಣ್ಣ. ಊಟ ಆದ್ಮೇಲೆ ಹಲ್ಲಿಗೆ ಹಾಕೋದು, ವಾಪಸ್ ಒಳಗಿಡೋದು."

"ಹಲ್ಲು ಕೆದಕಿದ್ದನ್ನ ವಾಪಸ್ ಚಾಕು ಒಳಕ್ಕಾ?"

"ತೊಳ್ಕೊಂಡು."

"ಯಾರಪ್ಪಾ ತೊಳೀತಾರೆ?"

ಎರಡನೆಯದರಲ್ಲಿ ಉಗುರು ಕತ್ತರಿಸುವುದೂ ಕಿವಿಯ ಗುಗ್ಗೆ ತೆಗೆಯುವ ಪುಟ್ಟ ಚಮಚವೂ ಅಲಗಿನ ಮಗ್ಗುಲಲ್ಲೇ ಮಲಗಿದ್ದವು. ವೆಂಕಟರಾಮಪ್ಪನವರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡರು. ಲೋಕದ ಜನ ದೇಹದ ಕೊಳೆಯನ್ನೆಲ್ಲ ಒಂದೇ ಹಿಡಿಗೆ ಜೋಡಿಸಿ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾರೆ, ಅದಕ್ಕೆ ಬಹೂಪಯೋಗಿ ಎಂದು ಹೆಸರು ಬೇರೆ. ಗುಂಡಿ ಒತ್ತಿದರೆ ಅಲಗು ಚಿಮ್ಮುವ ಮೂರನೆಯದನ್ನು ಅವರೇ ಬೇಡವೆಂದರು. ಸ್ಕೂಟರಿನಲ್ಲಿ ಕೂತಾಗ ಅದು ಜೇಬಿನಲ್ಲೇ ಚಿಮ್ಮಿದರೆ ಎಲ್ಲಿ ತಗಲುತ್ತದೆಂದು ಅಂದಾಜು ಮಾಡಿದ್ದರು.

"ನಿಮ್ಗೆ ಏನ್ ಬೇಕೋ ಅದ್ನಾದ್ರೂ ಹೇಳಿ, ಗುರುವೇ."

"ಹಣ್ಣು ಕುಯ್ಬೇಕು, ಪಟ್ಟಿ ಕುಯ್ಬೇಕು, ವೈರ್ ಸುಲೀಬೇಕು. ತುಕ್ಕು ಹಿಡೀಬಾರ್ದು. ಕುಯ್ವಾಗ ಮಡಚ್ಕೊಂಡು ಬೆರಳು ತೆಗೀಬಾರ್ದು. ಮತ್ತೆ, ಬೇರೆಯೋರಿಗೆ ಸುಲಭವಾಗಿ ಬಿಚ್ಚಕ್ಕೆ ಬರಬಾರ್ದು."

ಕೊನೆಯ ಮಾತಿಗೆ ಮುನಿಕೃಷ್ಣ ಒಮ್ಮೆ ಅವರನ್ನೇ ನೋಡಿ, ಒಳಗಿನಿಂದ ಕರಿ ಹಿಡಿಯದೊಂದನ್ನು ತಂದ. ಒಂದೇ ಅಲಗು, ಸ್ಟೀಲಿನದು, ಬಿಚ್ಚಲು ಉಗುರಿಗೆ ಬಲ ಬೇಕು. ಬಿಚ್ಚಿದರೆ ಒಳಗೊಂದು ತಗಡು ಟಕ್ಕೆಂದು ಅಡ್ಡ ನಿಲ್ಲುತ್ತದೆ. ಆ ತಗಡನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳದೆ ಚಾಕು ಮುಚ್ಚುವುದಿಲ್ಲ. ವೆಂಕಟರಾಮಪ್ಪನವರು ಮನೆಗೆ ತಂದು ಬಿಸಿನೀರಿನಲ್ಲಿ ಮೂರು ಸಲ ಅದ್ದಿದರು. ಅನುಸೂಯಮ್ಮ, "ಮೊಮ್ಮಗೂಗೂ ಇಷ್ಟು ನೀರು ಕಾಯ್ಸಿಲ್ಲ ನೀವು" ಎಂದರು.

ಕಾರ್ಖಾನೆಯಲ್ಲಿ ಮೊದಲ ದಿನ ನಾಲ್ಕು ಜನ ಕೇಳಿದರು. ಬಿಚ್ಚುವ ಬಗೆ, ಮುಚ್ಚುವ ಬಗೆ, ಸುರಕ್ಷತೆಯ ಮೂರು ನಿಯಮ ಎಲ್ಲವನ್ನೂ ಅವರು ವಿವರಿಸಿದರು. ಎರಡನೆಯ ದಿನ ಒಬ್ಬ ಕೇಳಿದ. ಮೂರನೆಯ ದಿನ ಎಲ್ಲರೂ ಲೋಡಿಂಗಿನ ಕಡೆ ಹೋಗಿ "ಸಿದ್ದಣ್ಣ, ಚಾಕು ಕೊಡೋ" ಎನ್ನುತ್ತಿದ್ದರು. ಕೊಂಬಿನ ಹಿಡಿಯ ಆ ಹಳೆಯ ಚಾಕು ಕಾರ್ಖಾನೆಯ ತುಂಬ ತಿರುಗಿತು. ಅದರಲ್ಲಿ ಜನ ಬನ್ನು ಕುಯ್ಯುವುದನ್ನು ವೆಂಕಟರಾಮಪ್ಪನವರು ಕಣ್ಣಾರೆ ಕಂಡು ಎದ್ದು ಕಿಟಕಿಯ ಬಳಿ ಹೋದರು.

ಹೋದ ಮಾನವನ್ನು ಆಯುಧಪೂಜೆಗೆ ವಾಪಸು ತರುವುದೆಂದು ನಿಶ್ಚಯಿಸಿದರು. ಪೂಜೆಯ ಉಸ್ತುವಾರಿ ಪ್ರತಿವರ್ಷ ಅವರದೇ. ಯಂತ್ರಗಳಿಗೆ ಬಾಳೆಕಂದು ಕಟ್ಟಿಸಿ, ಕಟ್ಟರು, ಕತ್ತರಿ, ಸ್ಪ್ಯಾನರು, ಕ್ಯಾಂಟೀನಿನ ಈಳಿಗೆಮಣೆ ಸಮೇತ ಅಲಗಿರುವ ಎಲ್ಲವನ್ನೂ ಗಜಲಕ್ಷ್ಮಿ ಪಟದ ಮುಂದೆ ಜೋಡಿಸಿ, ಎಲ್ಲಕ್ಕಿಂತ ಮುಂದೆ ತಮ್ಮ ಹೊಸ ಚಾಕುವನ್ನು ಬಿಚ್ಚಿಟ್ಟರು. ಅರಿಶಿನ, ಕುಂಕುಮ, ನಿಂಬೆಹೋಳು, ಹೂವು. ಪೂಜೆಗಿಟ್ಟ ಆಯುಧವನ್ನು ಮಾರನೆಯ ಬೆಳಗಿನ ತನಕ ಎತ್ತಬಾರದು. ಹೋದ ವರ್ಷ ಪ್ಯಾಕಿಂಗಿನ ಬಿಂದುಶ್ರೀ ಮರೆತು ಕತ್ತರಿ ಮುಟ್ಟಿದ್ದಕ್ಕೆ ಅವರು ಅರ್ಧ ಗಂಟೆ ಭಾಷಣ ಬಿಗಿದಿದ್ದರು.

ಮಂಗಳಾರತಿ ಆಯಿತು. ಮ್ಯಾನೇಜರು ಭಾನುಪ್ರಕಾಶ್ ಹಣ್ಣಿನ ಬುಟ್ಟಿ ನೋಡಿದರು. ವೆಂಕಟರಾಮಪ್ಪನವರೇ ತೋಟದಿಂದ ತಂದಿದ್ದ ಸೀಬೆಹಣ್ಣು, ಮೂವತ್ತು. ಜನ ನೂರಕ್ಕೆ ಮೇಲು.

"ಕುಯ್ದು ಹಂಚ್ಬಿಡಿ ಸಾರ್. ಚಾಕು ಎಲ್ಲಿ?"

ವೆಂಕಟರಾಮಪ್ಪನವರ ಕೈ ತಾನಾಗಿ ಪಟದ ಮುಂದಕ್ಕೆ ಚಾಚಿತು.

"ಸಾರ್, ಎತ್ತೋ ಹಾಗಿಲ್ಲ ಅಲ್ವಾ?" ಎಂದಳು ಬಿಂದುಶ್ರೀ, ಬಹಳ ವಿನಯದಿಂದ.

ಕೈ ಹಿಂದಕ್ಕೆ ಬಂತು. ಕಾರ್ಖಾನೆಯ ಅಲಗುಗಳೆಲ್ಲ ಕುಂಕುಮದ ಕೆಳಗಿದ್ದವು. ಆಗ ಗುಂಪಿನ ಹಿಂದಿನಿಂದ ಸಿದ್ದರಾಜು ಮುಂದೆ ಬಂದು ಜೇಬಿಗೆ ಕೈ ಹಾಕಿದ.

"ನನ್ನತ್ರ ಐತೆ ಸಾರ್."

ವೆಂಕಟರಾಮಪ್ಪನವರು ಅವನ ತೋಳು ಹಿಡಿದು ಪಕ್ಕಕ್ಕೆಳೆದರು. "ಅದ್ನ ಯಾಕೋ ಪೂಜೆಗಿಡ್ಲಿಲ್ಲ?" ಎಂದರು ಪಿಸುದನಿಯಲ್ಲಿ.

"ಎಲ್ಲಾದ್ರೂ ಉಂಟಾ ಸಾರ್? ಕಾಲಿಗೆ ಮುಟ್ಸಿದ್ದು. ದೇವ್ರ ಮುಂದೆ ಇಟ್ರೆ ಒಳ್ಳೇದಲ್ಲ."

"ಅದ್ರಲ್ಲಿ ಹಣ್ಣು ಕುಯ್ತೀಯಾ?"

"ಹಣ್ಣಿಗೇನ್ ಸಾರ್. ನೀವೇ ಕುಯ್ಕೊಂಡು ತಿಂತಿದ್ರಲ್ಲ."

ವೆಂಕಟರಾಮಪ್ಪನವರು ಅವನ ತೋಳು ಬಿಟ್ಟರು. ಸಿದ್ದರಾಜು ಅಲಗನ್ನು ಪ್ಯಾಂಟಿಗೆ ಎರಡು ಸಲ ಒರೆಸಿದ. ಹೋಳುಗಳು ಮುತ್ತುಗದೆಲೆಯ ಮೇಲೆ ಬಿದ್ದವು. ಅಂದು ಶನಿವಾರವೋ ಅಲ್ಲವೋ ಎಂದು ವೆಂಕಟರಾಮಪ್ಪನವರು ಗೋಡೆಯ ಕ್ಯಾಲೆಂಡರು ನೋಡಲು ಹೋಗಲಿಲ್ಲ.

"ಮೊದ್ಲು ಹಿರಿಯರಿಗೆ ಕೊಡಪ್ಪ" ಎಂದರು ಮ್ಯಾನೇಜರು.

ಎಲೆ ಬಂತು. ನೂರು ಜನ ನೋಡುತ್ತಿದ್ದರು. ಪ್ರಸಾದವನ್ನು ಬೇಡವೆನ್ನುವುದು ಹೇಗೆ? ವೆಂಕಟರಾಮಪ್ಪನವರು ಒಂದು ಹೋಳನ್ನು ತೆಗೆದು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಅಗಿಯದೆ ನುಂಗೋಣವೆಂದುಕೊಂಡಿದ್ದರು, ಆದರೆ ಹಲ್ಲುಗಳು ಹಳೆಯ ಅಭ್ಯಾಸ ಬಿಡಲಿಲ್ಲ.

ಹಣ್ಣು ಎಂದಿನಷ್ಟೇ ರುಚಿಯಾಗಿತ್ತು. ಅವರಿಗೆ ಎಲ್ಲಕ್ಕಿಂತ ಹೇಸಿಗೆಯಾದದ್ದು ಅದೇ.