ಅಪ್ಪನ ಹೆಸರಿನ ಪದಕ

ನಾನು ಚಿಕ್ಕವಳಿದ್ದಾಗ, ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತರಲ್ಲಿ, ನಮ್ಮ ಮನೆಗೆ ಅಂಚೆಯಲ್ಲಿ ಒಂದು ಪುಟ್ಟ ರಟ್ಟಿನ ಡಬ್ಬಿ ಬಂತು. ಒಳಗೊಂದು ದುಂಡನೆಯ ಪದಕ. ಒಂದು ಮಗ್ಗುಲಲ್ಲಿ ಕಿರೀಟ ತೊಟ್ಟ ರಾಜನ ಮುಖ, ಇನ್ನೊಂದರಲ್ಲಿ ನಮ್ಮ ದೇಶದ ನಕ್ಷೆ. ಮೂಗಿನ ಹತ್ತಿರ ಹಿಡಿದರೆ ಹೊಸ ಪಾತ್ರೆಯ ವಾಸನೆ. ಮಹಾಯುದ್ಧದ ಕಾಲದಲ್ಲಿ ಅಪ್ಪ ಸೈನ್ಯದ ಲಾರಿ ಓಡಿಸಿ ಬಂದಿದ್ದರು. ಆ ಸೇವೆಗೆ ಕೊಟ್ಟ ಪದಕ ಅದು. ನಲ್ಲೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ.

ಭಾನುವಾರ ಸಂಜೆ ಶಾಲೆಯಲ್ಲಿ ಅಪ್ಪನಿಗೆ ಹಾರ ಹಾಕುವುದೆಂದು ಮೇಷ್ಟ್ರು ಊರಿಗೆಲ್ಲ ಹೇಳಿಬಿಟ್ಟರು. ನಾನಂತೂ ಗೆಳತಿಯರ ಮುಂದೆ ಬೀಗಿದ್ದೇ ಬೀಗಿದ್ದು.

ಆ ಭಾನುವಾರ ಬೆಳಿಗ್ಗೆ ಅಕ್ಕ ಜಗಲಿಯಲ್ಲಿ ಕುಳಿತು ಪದಕವನ್ನು ಬಟ್ಟೆಯಿಂದ ಉಜ್ಜುತ್ತಿದ್ದಳು. ಮನೆಯಲ್ಲಿ ಇಂಗ್ಲಿಷ್ ಅಕ್ಷರ ಬರುತ್ತಿದ್ದುದು ಅವಳೊಬ್ಬಳಿಗೇ. ಪದಕದ ಅಂಚಿನಲ್ಲಿ ಸಣ್ಣಗೆ ಕೊರೆದಿದ್ದ ಸಾಲನ್ನು ಗಟ್ಟಿಯಾಗಿ ಓದಿದಳು: ಮೊದಲು ಒಂದು ನಂಬರು, ಆಮೇಲೆ ಅಪ್ಪನ ಹೆಸರು. ಮುಖಕ್ಕೆ ಸೋಪು ಬಳಿದುಕೊಂಡು ಗಡ್ಡ ಹೆರೆಯುತ್ತಿದ್ದ ಅಪ್ಪನ ಕೈ ನಿಂತಿತು.

"ನಂಬರು ಇನ್ನೊಂದ್ಸಲ ಓದಮ್ಮ."

ಅಕ್ಕ ಓದಿದಳು.

"ಇದು ನಂದಲ್ಲ" ಅಂದರು ಅಪ್ಪ. "ಸೈನ್ಯದಲ್ಲಿ ನನ್ನ ನಂಬರು ಒಂಬತ್ತರಲ್ಲಿ ಮುಗೀತದೆ. ಇದು ನಾಲ್ಕರಲ್ಲಿ."

ಅಪ್ಪನ ಹೆಸರಿನವನೇ ಇನ್ನೊಬ್ಬ ಅವರ ಜೊತೆಯಲ್ಲಿ ಲಾರಿ ಓಡಿಸುತ್ತಿದ್ದನಂತೆ. ಸೂಲಿಬೆಲೆಯ ಆಚೆಯವನು. ಶಿಬಿರದಲ್ಲೇ ಜ್ವರ ಬಂದು ತೀರಿಕೊಂಡಿದ್ದ. ಹೆಸರು ನೋಡಿ ಯಾರೋ ಅವನ ಪದಕವನ್ನು ಅಪ್ಪನಿಗೆ ಕಳಿಸಿದ್ದರು.

"ಹೆಸ್ರು ನಿಮ್ದೇ ಐತಲ್ಲ. ಇವತ್ತೊಂದಿನ ಹಾಕ್ಕೊಳ್ಳಿ. ನಂಬರು ಯಾರು ನೋಡ್ತಾರೆ?" ಅಂದರು ಅಮ್ಮ.

"ಹೆಸ್ರು ಇಬ್ಬರ್ದೂ ಹೌದು. ನಂಬರು ಅವನೊಬ್ಬಂದೇ."

ಅಪ್ಪ ಮೇಷ್ಟ್ರ ಮನೆಗೆ ಹೋಗಿ, ಸಂಜೆಯ ಸಭೆ ಬೇಡವೆಂದು ಹೇಳಿ ಬಂದು ಗಾಡಿ ಕಟ್ಟಿದರು. ಅಕ್ಕನೂ ನಾನೂ ಹತ್ತಿಕೊಂಡೆವು. ದಾರಿಯುದ್ದಕ್ಕೂ ಅವರೆ ಹೊಲಗಳ ಸೊಗಡು ಗಮ್ಮೆನ್ನುತ್ತಿತ್ತು. ನನಗೆ ಮಾತ್ರ ಅಳು ಒತ್ತರಿಸುತ್ತಿತ್ತು. ನಾಳೆ ಗೆಳತಿಯರಿಗೆ ಏನು ಹೇಳಲಿ?

ಸೂಲಿಬೆಲೆಯಾಚೆ, ತೀರಿಕೊಂಡವನ ಮನೆಯ ಅಂಗಳದಲ್ಲಿ ಒಬ್ಬ ಮುದುಕಿ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಅವನ ತಾಯಿ. ಅಪ್ಪ ತಾವು ಯಾರೆಂದು ಹೇಳಿ, ಎರಡೂ ಕೈಗಳಿಂದ ಪದಕವನ್ನು ಕೊಟ್ಟರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಹಿಮ್ಮಡಿ ಕೂಡಿಸಿ, ಆಕೆಗೆ ಸೆಲ್ಯೂಟ್ ಹೊಡೆದರು. ಅಪ್ಪ ಸೆಲ್ಯೂಟ್ ಹೊಡೆಯುವುದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ.

ಮುದುಕಿ ಪದಕದ ಮೇಲೆ ಬೆರಳಾಡಿಸಿದಳು. "ಇದ್ರಲ್ಲಿ ನನ್ನ ಮಗನ ಹೆಸ್ರು ಐತೇನಪ್ಪ?"

"ಐತೆ ಕಣಮ್ಮ."

ಅಕ್ಕ ಅದನ್ನು ಓದಿ ಹೇಳಿದಳು. ಮುದುಕಿ ಅಕ್ಕನ ಹತ್ತಿರ ಸರಿದಳು. "ಇನ್ನೊಂದ್ಸಲ ಓದು ತಾಯಿ. ಗಟ್ಟಿಯಾಗಿ ಓದು, ಊರಿಗೆಲ್ಲ ಕೇಳ್ಲಿ."

ಅಕ್ಕ ಜಗಲಿ ಹತ್ತಿ ನಿಂತಳು. ತರಗತಿಯಲ್ಲಿ ಹಾಜರಿ ಕೂಗುವಂತೆ ನಂಬರನ್ನೂ ಹೆಸರನ್ನೂ ಕೂಗಿದಳು. ಅಕ್ಕಪಕ್ಕದವರು ಹೊರಗೆ ಬಂದರು. ಒಬ್ಬ ಹಿರಿಯರು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದರು. ಮುದುಕಿಯ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಆದರೂ ಆಕೆ ತಲೆಯೆತ್ತಿ ಎಲ್ಲರನ್ನೂ ನೋಡಿದಳು. "ನನ್ನ ಮಗಂದು ಕಣ್ರಪ್ಪ" ಅಂದಳು.

ಅಪ್ಪ ಪಕ್ಕದಲ್ಲಿ ನಿಂತೇ ಇದ್ದರು. ಅವರ ಎದೆಯ ಮೇಲೆ ಏನೂ ಇರಲಿಲ್ಲ. ನನ್ನ ಅಳು ಎಲ್ಲಿ ಹೋಯಿತೋ, ಓಡಿಹೋಗಿ ಅವರ ಕೈ ಹಿಡಿದುಕೊಂಡೆ.

ಅಪ್ಪನ ಪದಕ ಕೊನೆಗೂ ಬರಲಿಲ್ಲ. ಅಂಚೆಯಲ್ಲಿ ಬಂದ ಪದಕ ಎಲ್ಲಿ ಎಂದು ಯಾರಾದರೂ ಕೇಳಿದರೆ ನಾನೇ ಮುಂದೆ ನುಗ್ಗಿ, "ನಮ್ಮಪ್ಪ ಹೋಗಿ ಕೊಟ್ಟು ಬಂದ್ರು" ಎನ್ನುತ್ತಿದ್ದೆ.

ಮಕ್ಕಳೇ, ಈಗ ರಾಷ್ಟ್ರಪತಿಗಳು ಪದಕ ಕೊಡುವುದನ್ನು ನೀವು ಟಿವಿಯಲ್ಲಿ ನೋಡುತ್ತೀರಿ. ಸೈನಿಕನ ಹೆಸರನ್ನೂ ಅವನ ಸಾಹಸವನ್ನೂ ಮೈಕಿನಲ್ಲಿ ಓದುತ್ತಾರೆ. ಮಡಿದವನ ತಾಯಿ ನಡೆದು ಬರುವಾಗ ದೇಶವೇ ಅವಳನ್ನು ನೋಡುತ್ತದೆ. ಸೂಲಿಬೆಲೆಯಾಚೆಯ ಆ ತಾಯಿಗೆ ಅಂಥ ಸಭೆಯಿರಲಿಲ್ಲ, ಮೈಕಿರಲಿಲ್ಲ. ಜಗಲಿಯ ಮೇಲೆ ನಿಂತು ಕೂಗಿದ, ಹನ್ನೆರಡು ವರ್ಷದ ನಮ್ಮ ಅಕ್ಕ ಇದ್ದಳು.